ಭೀಮೆ ಕೃಷ್ಣೆಯರ ನಡುವೆ ಬೆನ್ನಟ್ಟುವ ವಿದ್ಯೆ

ಉತ್ತರದಲ್ಲಿ ಭೀಮೆಯೂ ದಕ್ಷಿಣದಲ್ಲಿ ಕೃಷ್ಣೆಯೂ ಎಲ್ಲೆಯಾಗಿ, ನಡುವೆ ಡೋಣಿ ಹೊಳೆಯ ಎರೆಭೂಮಿಯನ್ನು ಮಡಿಲಲ್ಲಿಟ್ಟುಕೊಂಡು ಹಬ್ಬಿರುವ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಯಲುಸೀಮೆಯನ್ನು ಕುರಿತು ಬರೆದವರು ಅಲ್ಲಿನ ಕದನಗಳನ್ನೂ ಕ್ಷಾಮಗಳನ್ನೂ ಶರಣರನ್ನೂ ವಿಸ್ತಾರವಾಗಿ ವರ್ಣಿಸಿದ್ದಾರೆಯೇ ಹೊರತು, ಆ ಬಯಲಿನಲ್ಲಿ ಮಕ್ಕಳು ಏನನ್ನು ಆಡುತ್ತಿದ್ದರು, ಆಡುತ್ತ ಯಾವ ವಿದ್ಯೆಯನ್ನು ಮೈಗೂಡಿಸಿಕೊಳ್ಳುತ್ತಿದ್ದರು ಎಂಬುದನ್ನು ವಿಚಾರಿಸಿದವರು ವಿರಳ. 1565ರ ಯುದ್ಧಕ್ಕೆ ಹೆಸರು ಕೊಟ್ಟ ತಾಳಿಕೋಟೆ ಈ ಸೀಮೆಯದು. ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಾಗೇವಾಡಿ ಈ ಸೀಮೆಯದು. ಇಂಥ ಹಿರಿಯ ಸಂಗತಿಗಳ ನೆರಳಿನಲ್ಲಿ ಶಾಲೆಯ ಹಿಂದಿನ ಅಂಗಳದ ಸಂಗತಿ ಮರೆಯಾದದ್ದು ಸಹಜವೇ. ಆದರೂ ಈ ನಾಡಿನ ಪ್ರೌಢಶಾಲೆಗಳಲ್ಲಿ ಇಂದಿಗೂ ಉಸಿರಾಡುತ್ತಿರುವ ಖೋ-ಖೋ ಎಂಬ ಆಟ ಅಂಥ ವಿಚಾರಣೆಗೆ ಸರ್ವಥಾ ಯೋಗ್ಯವಾದುದು. ಅದು ಬೆನ್ನಟ್ಟುವ ಆಟ. ಆದರೆ ಬೆನ್ನಟ್ಟುವವನ ವೇಗಕ್ಕಿಂತ ಅವನ ತಾಳ್ಮೆಗೂ, ಮುಟ್ಟುವ ಕೈಗಿಂತ ಮುಟ್ಟತಕ್ಕ ಕ್ಷಣದ ಅರಿವಿಗೂ ಹೆಚ್ಚಿನ ಬೆಲೆ ಬರುವಂತೆ ಅದರ ನಿಯಮಗಳು ಕ್ರಮಕ್ರಮವಾಗಿ ರೂಪುಗೊಂಡವು. ಆ ರೂಪ ಹೇಗೆ ಬಂದಿತು, ಬಂದು ಈ ಎರೆಯ ನೆಲದಲ್ಲಿ ಹೇಗೆ ನಿಂತಿತು ಎಂಬುದನ್ನು ಹೇಳುವುದೇ ಇಲ್ಲಿಯ ಉದ್ದೇಶ.

ಬೆನ್ನಟ್ಟುವುದು ಇಲ್ಲಿಯ ಜನಕ್ಕೆ ಹೊಸದಲ್ಲ. ಕಾರಹುಣ್ಣಿಮೆಯ ಸಂಜೆ ಬಣ್ಣ ಬಳಿದು ಸಿಂಗರಿಸಿದ ಎತ್ತುಗಳನ್ನು ಊರ ಅಗಸಿಯ ಮುಂದೆ ಓಡಿಸಿ ಕರಿ ಹರಿಯುವಾಗ, ಯಾವ ಬಣ್ಣದ ಎತ್ತು ಮುಂದಾಯಿತೆಂಬುದರ ಮೇಲೆ ವರ್ಷದ ಮಳೆಬೆಳೆಗಳ ಭವಿಷ್ಯವನ್ನೆಣಿಸುತ್ತ ಊರಿಗೆ ಊರೇ ಅವುಗಳ ಹಿಂದೆ ಓಡುತ್ತದೆ. ನಾಗರಪಂಚಮಿಯಲ್ಲಿ ಹೆಣ್ಣುಮಕ್ಕಳಿಗೆ ಜೋಕಾಲಿಯಾದರೆ, ಗಂಡುಹುಡುಗರಿಗೆ ನಿಂಬೆಹಣ್ಣನ್ನು ದೂರದ ಗುರಿಗೆ ಎಸೆಯುವ ಪಂಥ, ಭಾರದ ಗುಂಡನ್ನೆತ್ತುವ ಪಂಥ. ಇವೆಲ್ಲಕ್ಕೂ ಮಿಗಿಲಾಗಿ ಹುತುತು ಇತ್ತು. ಎದುರಾಳಿಗಳ ಮನೆಯೊಳಗೆ ಒಂಟಿಯಾಗಿ ಹೊಕ್ಕು, ಉಸಿರನ್ನು ಕಟ್ಟಿ, ಮುಟ್ಟಿ ಮರಳುವ ಆ ಆಟದಲ್ಲಿಯೂ ಹೊಂಚು ಉಂಟು, ಸಮಯದ ಅರಿವು ಉಂಟು; ಆದರೆ ಅಲ್ಲಿ ಕಾಲದ ಮಿತಿಯನ್ನು ಆಡುವವನ ಎದೆಯೇ ನಿರ್ಣಯಿಸುತ್ತದೆ, ಉಸಿರು ತೀರಿದಲ್ಲಿಗೆ ಅವಕಾಶವೂ ತೀರುತ್ತದೆ. ಖೋ-ಖೋದಲ್ಲಿ ಹಾಗಲ್ಲ. ಅಲ್ಲಿ ಒಬ್ಬನ ಉಸಿರು ತೀರುವ ಮೊದಲೇ ಬೆನ್ನಟ್ಟುವ ಕೆಲಸ ಮತ್ತೊಬ್ಬನ ಪಾಲಿಗೆ ಹೋಗಬಹುದು, ಹೋಗತಕ್ಕದ್ದೂ ಹೌದು. ಆದುದರಿಂದ ಹುತುತು ಒಬ್ಬನ ಧೈರ್ಯವನ್ನು ಪರೀಕ್ಷಿಸಿದರೆ ಖೋ-ಖೋ ಒಂಬತ್ತು ಮಂದಿಯ ಸಂಯಮವನ್ನು ಒಟ್ಟಾಗಿ ಪರೀಕ್ಷಿಸುತ್ತದೆಂದು ನಾನು ತಿಳಿದಿದ್ದೇನೆ.

ಈ ಆಟದ ಮೂಲವನ್ನು ಮಹಾಭಾರತದವರೆಗೆ ಒಯ್ಯುವವರಿದ್ದಾರೆ. ಚಕ್ರವ್ಯೂಹವನ್ನು ಹೊಕ್ಕು ಏಕಾಂಗಿಯಾಗಿ ಸುತ್ತುತ್ತ ಶತ್ರುಗಳನ್ನು ದಣಿಸಿದ ಅಭಿಮನ್ಯುವಿನ ಚಲನೆಯಲ್ಲಿ ಇಂದಿನ ಓಟಗಾರನ ಸುತ್ತುಗಳನ್ನು ಕಾಣುವುದು ರಮ್ಯವಾದ ಕಲ್ಪನೆಯೇ ಸರಿ; ಆದರೆ ರಮ್ಯತೆ ಪ್ರಮಾಣವಾಗಲಾರದು. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಮಕ್ಕಳು ಆಡುತ್ತಿದ್ದ ಒಂದು ಆಟಕ್ಕೆ ಲಿಖಿತವಾದ ನಿಯಮಗಳು ಬಂದದ್ದು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಎಂಬುದು ಮಾತ್ರ ನಿಸ್ಸಂದೇಹವಾದ ಸಂಗತಿ. ಲೋಕಮಾನ್ಯ ತಿಲಕರು ನಾಮಕರಣ ಮಾಡಿದರೆಂದು ಹೇಳುವ ಪುಣೆಯ ಡೆಕ್ಕನ್ ಜಿಮ್‌ಖಾನಾ 1914ರಲ್ಲಿ ಸಮಿತಿಯೊಂದನ್ನು ನೇಮಿಸಿ ಈ ಆಟವನ್ನು ವ್ಯವಸ್ಥೆಗೆ ತಂದಿತು. 1924ರಲ್ಲಿ ಬಡೋದೆಯ ಜಿಮ್‌ಖಾನಾ ನಿಯಮಗಳನ್ನು ಅಚ್ಚು ಹಾಕಿಸಿತು. 1935ರಲ್ಲಿ ಅಖಿಲ ಮಹಾರಾಷ್ಟ್ರ ಶಾರೀರಿಕ ಶಿಕ್ಷಣ ಮಂಡಳವು ಆಟ್ಯಾಪಾಟ್ಯಾ ಎಂಬ ಆಟದ ನಿಯಮಗಳೊಡನೆ ಖೋ-ಖೋದ ನಿಯಮಗಳನ್ನೂ ಪುಸ್ತಕರೂಪದಲ್ಲಿ ಹೊರತಂದಿತು. ಮೊದಮೊದಲು ಔಟಾದ ಪ್ರತಿಯೊಬ್ಬನಿಗೂ ಹತ್ತು ಅಂಕಗಳೆಂಬ ಲೆಕ್ಕವಿತ್ತು. 1919ರ ಸುಮಾರಿಗೆ ಅಂಕಣವು 44 ಗಜದ ಮಧ್ಯರೇಖೆಯುಳ್ಳ ದೀರ್ಘವೃತ್ತವಾಗಿದ್ದಿತು. ಅದು ಮುಂದೆ ಆಯತಾಕಾರವನ್ನು ಪಡೆದು, ಇಂದು 27 ಮೀಟರು ಉದ್ದ, 16 ಮೀಟರು ಅಗಲವೆಂಬ ಅಳತೆಗೆ ಬಂದು ನಿಂತಿದೆ.

ಸ್ವದೇಶಿಯ ಆವೇಶವೂ ವ್ಯಾಯಾಮದ ಅಭಿಮಾನವೂ ಒಂದಾಗಿ ಹರಿಯುತ್ತಿದ್ದ ಆ ಕಾಲದಲ್ಲಿ, ಕ್ರಿಕೆಟ್ಟಿನ ಬ್ಯಾಟು ಚೆಂಡುಗಳಿಗೆ ಹಣವಿಲ್ಲದ ಶಾಲೆಗಳು, ಎರಡು ಕಂಬಗಳನ್ನೂ ಒಂದು ಮುಷ್ಟಿ ಸುಣ್ಣದ ಪುಡಿಯನ್ನೂ ಮಾತ್ರ ಬೇಡುವ ಆಟವನ್ನು ಆದರದಿಂದ ಬರಮಾಡಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ನಾಲ್ಕು ತಾಲೂಕುಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ಜಿಲ್ಲೆಯ ಮುಖ್ಯಸ್ಥಳ 1885ರಲ್ಲಿ ಕಲಾದಗಿಯಿಂದ ಬಿಜಾಪುರಕ್ಕೆ ಬಂದಿತು. ಅದಕ್ಕೆ ಸ್ವಲ್ಪ ಮುಂಚೆ, 1876ರಿಂದ 1878ರವರೆಗಿನ ಘೋರ ಕ್ಷಾಮದಲ್ಲಿ ಈ ಜಿಲ್ಲೆ ಅನುಭವಿಸಿದ ಸಂಕಟದ ಹಿನ್ನೆಲೆಯಲ್ಲಿ, ಧಾನ್ಯವನ್ನು ಬೇಗ ತಲುಪಿಸುವ ಉದ್ದೇಶದಿಂದ ಹೋಟಗಿ–ಗದಗ ರೈಲುಮಾರ್ಗವು ನಿರ್ಮಿತವಾಗಿ ಇಂಡಿ ರೋಡ್ ಎಂಬ ನಿಲ್ದಾಣ ಹುಟ್ಟಿಕೊಂಡಿತು. ಧಾನ್ಯಕ್ಕಾಗಿ ಹಾಕಿದ ಹಳಿಗಳ ಮೇಲೆಯೇ ಮುಂದೆ ಸೊಲ್ಲಾಪುರದ, ಪುಣೆಯ ಪುಸ್ತಕಗಳು ಬಂದುವು, ಪತ್ರಿಕೆಗಳು ಬಂದುವು, ಮಾಸ್ತರರು ಬಂದರು. ಇಂಡಿಯ ಕಡೆ ಭೀಮೆಯ ಆಚೆಯ ದಡ ಸೊಲ್ಲಾಪುರ ಜಿಲ್ಲೆ. ಆ ದಡದ ಊರುಗಳಲ್ಲಿ ಕನ್ನಡವೂ ಈ ದಡದ ಊರುಗಳಲ್ಲಿ ಮರಾಠಿಯೂ ಕೇಳಿಬರುವುದರಿಂದ, ಪುಣೆಯಲ್ಲಿ ಬರೆದ ಆಟದ ಕಟ್ಟಳೆಗಳಿಗೆ ಇಲ್ಲಿ ಭಾಷೆಯ ಅಡ್ಡಿ ಇರಲಿಲ್ಲ.

ಅಷ್ಟರಲ್ಲಿ ನಾ. ಸು. ಹರ್ಡೀಕರರು 1923ರಲ್ಲಿ ಹುಟ್ಟುಹಾಕಿ ಹುಬ್ಬಳ್ಳಿಯಿಂದ ನಡೆಸಿದ ಹಿಂದುಸ್ತಾನಿ ಸೇವಾದಳವು, ಶಿಸ್ತೂ ದೇಹಬಲವೂ ದೇಶಸೇವೆಯ ಅಂಗಗಳೆಂಬ ಭಾವನೆಯನ್ನು ಮುಂಬಯಿ ಕರ್ನಾಟಕದ ತರುಣರಲ್ಲಿ ಬಿತ್ತಿತ್ತು. 1937ರಲ್ಲಿ ಮುಂಬಯಿ ಸರಕಾರವು ಲೋಣಾವಳದ ಕೈವಲ್ಯಧಾಮದ ಸ್ವಾಮಿ ಕುವಲಯಾನಂದರ ಅಧ್ಯಕ್ಷತೆಯಲ್ಲಿ ಶಾರೀರಿಕ ಶಿಕ್ಷಣಕ್ಕಾಗಿ ಸಮಿತಿಯೊಂದನ್ನು ರಚಿಸಿತು. ಮರುವರ್ಷವೇ ಕಾಂದಿವಲಿಯಲ್ಲಿ ವ್ಯಾಯಾಮ ಶಿಕ್ಷಕರನ್ನು ಸಿದ್ಧಗೊಳಿಸುವ ವಿದ್ಯಾಲಯ ತೆರೆಯಿತು. ಹಳ್ಳಿಯ ತಾಲೀಮಿನಲ್ಲಿ ಕೆಮ್ಮಣ್ಣು ಮೆತ್ತಿಕೊಂಡು ಕುಸ್ತಿ ಕಲಿಸುತ್ತಿದ್ದ ವಸ್ತಾದನ ಪಕ್ಕದಲ್ಲಿ, ಸೀಟಿಯನ್ನು ಕೊರಳಿಗೆ ಹಾಕಿಕೊಂಡ ಡ್ರಿಲ್ ಮಾಸ್ತರನೆಂಬ ಹೊಸ ಗುರು ಕಾಣಿಸಿಕೊಂಡದ್ದು ಈ ಕಾಲದ ಫಲ. ವಸ್ತಾದ ಶಕ್ತಿಯನ್ನು ಕಲಿಸಿದ. ಮಾಸ್ತರ ನಿಯಮವನ್ನು ಕಲಿಸಿದ. ಖೋ-ಖೋ ಈ ಎರಡನೆಯವನ ಶಿಶು.

ಈಗ ಆ ನಿಯಮವನ್ನೇ ಸ್ವಲ್ಪ ಸಾವಕಾಶವಾಗಿ ನೋಡಬೇಕು, ಏಕೆಂದರೆ ತಾಳ್ಮೆಯ ಪಾಠವೆಲ್ಲ ಅಲ್ಲಿಯೇ ಅಡಗಿದೆ. ಅಂಕಣದ ಎರಡು ತುದಿಗಳಲ್ಲಿ ಎರಡು ಕಂಬಗಳು. ಅವುಗಳನ್ನು ಕೂಡಿಸುವ ನಡುಪಟ್ಟಿಯ ಮೇಲೆ ಎಂಟು ಚೌಕಗಳು. ಚೌಕಕ್ಕೊಬ್ಬರಂತೆ ಎಂಟು ಮಂದಿ, ಒಬ್ಬ ಈ ಕಡೆಗೆ ಮುಖಮಾಡಿದರೆ ಪಕ್ಕದವನು ಆ ಕಡೆಗೆ ಮುಖಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವನೊಬ್ಬನೇ ಎದ್ದು ಅಟ್ಟುವವನು. ಓಡುವವರು ಮೂವರು ಮೂವರಾಗಿ ಒಳಗೆ ಬರುತ್ತಾರೆ. ಅಂಕಣದೊಳಗೆ ಅವರಿಗೆ ಯಾವ ದಿಕ್ಕಿನ ಬಂಧನವೂ ಇಲ್ಲ, ಕುಳಿತವರ ನಡುವೆ ನುಸುಳಬಹುದು, ಹಿಂದಿರುಗಬಹುದು, ನಿಲ್ಲಬಹುದು. ಅಟ್ಟುವವನಿಗಾದರೋ ಬಂಧನಗಳೇ ಬಂಧನಗಳು. ಅವನು ನಡುಪಟ್ಟಿಯನ್ನು ದಾಟಕೂಡದು. ಒಂದು ಕಂಬದ ಕಡೆಗೆ ಹೆಜ್ಜೆ ಹಾಕಿದನೆಂದರೆ ಆ ಕಂಬದ ಗೆರೆಯನ್ನು ದಾಟುವವರೆಗೆ ಮೈತಿರುಗಿಸಕೂಡದು. ಓಟಗಾರನು ಪಟ್ಟಿಯನ್ನು ದಾಟಿ ಆಚೆಗೆ ಹೋದರೆ ಅಟ್ಟುವವನಿಗುಳಿಯುವ ಉಪಾಯ ಒಂದೇ: ತನಗೆ ಬೆನ್ನು ಕೊಟ್ಟು ಕುಳಿತ ಸಂಗಾತಿಯನ್ನು ಹಿಂದಿನಿಂದ ಮುಟ್ಟಿ, ಎಲ್ಲರಿಗೂ ಕೇಳುವಂತೆ ಖೋ ಎಂದು ಕೂಗಿ, ಅವನನ್ನೆಬ್ಬಿಸಿ, ತಾನು ಅವನ ಚೌಕದಲ್ಲಿ ಕುಳಿತುಬಿಡುವುದು. ಹೀಗೆ ಪ್ರತಿಯೊಂದು ಖೋದೊಡನೆ ಆಕ್ರಮಣವು ಒಂದು ಪಾರ್ಶ್ವದಿಂದ ಮತ್ತೊಂದು ಪಾರ್ಶ್ವಕ್ಕೆ ದಾಟುತ್ತದೆ.

ಖೋ ಕೊಡುವ ಕ್ಷಣದ ಸೂಕ್ಷ್ಮ ಇಲ್ಲಿಂದಲೇ ಹುಟ್ಟುತ್ತದೆ. ಓಟಗಾರನು ಪಟ್ಟಿಯನ್ನು ದಾಟುವ ಸೂಚನೆ ಕಂಡೊಡನೆ ಅವಸರಪಟ್ಟು ಖೋ ಕೊಟ್ಟರೆ, ಅವನು ಅರ್ಧಕ್ಕೇ ಹೊರಳಿ ಮೊದಲಿನ ಪಾರ್ಶ್ವದಲ್ಲಿಯೇ ಉಳಿಯುತ್ತಾನೆ. ಆಗ ಹೊಸದಾಗಿ ಎದ್ದವನು ಬರಿಯ ಬಯಲಿನಲ್ಲಿ ನಿಂತಿರುತ್ತಾನೆ. ತಡಮಾಡಿ, ಕುಳಿತವನ ಅಡ್ಡಪಟ್ಟಿಯನ್ನು ತಾನೇ ದಾಟಿಹೋದ ಮೇಲೆ ಹಿಂದಕ್ಕೆ ಕೈಚಾಚಿದರೆ ಅದು ತಪ್ಪು, ಸೀಟಿ ಬೀಳುತ್ತದೆ. ಆ ಎರಡರ ನಡುವೆ, ಓಟಗಾರನ ಮೈಯ ಭಾರವೆಲ್ಲ ಒಂದು ಕಾಲಿನ ಮೇಲೆ ಬಂದು, ಇನ್ನವನು ಮನಸ್ಸು ಬದಲಿಸಲಾರನೆಂಬ ಒಂದು ಕ್ಷಣಾರ್ಧ ಮಾತ್ರ ಖೋಕ್ಕೆ ಯೋಗ್ಯವಾದ ಕಾಲ. ಪುಣೆಯ ಸಮಿತಿಯವರು ಅಟ್ಟುವವನಿಗೂ ಎಲ್ಲ ಕಡೆ ಓಡುವ ಸ್ವಾತಂತ್ರ್ಯವನ್ನು ಕೊಟ್ಟಿದ್ದರೆ ಇದು ಹಳ್ಳಿಯ ಮುಟ್ಟಾಟವಾಗಿ ಉಳಿಯುತ್ತಿತ್ತು, ಚುರುಕುಕಾಲಿನವನು ಸದಾ ಗೆಲ್ಲುತ್ತಿದ್ದನು. ಬೇಟೆಗಾರನ ಕಾಲಿಗೆ ನಿಯಮದ ಕಟ್ಟನ್ನು ಹಾಕಿ ಬೇಟೆಯನ್ನು ಸ್ವತಂತ್ರವಾಗಿ ಬಿಟ್ಟ ಆ ಯೋಜನೆಯಲ್ಲಿ ಒಂದು ಜ್ಞಾನವಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಇಂಡಿ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯ ಅಂಗಳದಲ್ಲಿ ಇದನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ದೊರೆತಿತ್ತು. ಸುತ್ತಲೂ ಎರೆಹೊಲ, ಅಂಗಳಕ್ಕೆ ಮಾತ್ರ ಗರಸು ಹಾಕಿ, ನೀರು ಚಿಮುಕಿಸಿ, ರೂಳು ಎಳೆದು ಗಟ್ಟಿಮಾಡಿದ್ದರು, ಏಕೆಂದರೆ ಎರೆಯ ಮೇಲೆ ಈ ಆಟ ನಡೆಯದು: ಮಳೆಯಲ್ಲಿ ಅದು ಅಂಗಾಲಿಗೆ ಹಿಡಿದು ಕಾಲನ್ನೆತ್ತಗೊಡದು, ಬೇಸಗೆಯಲ್ಲಿ ಬಿರಿದು ಪಾದವನ್ನು ನುಂಗುವಷ್ಟು ಸೀಳು ಬಿಡುವುದು. ಚೌಕಗಳಲ್ಲಿ ಎಂಟು ಹುಡುಗಿಯರು ಮಂಡಿ ಮಡಿಸಿ, ಹಿಮ್ಮಡಿಯನ್ನೆತ್ತಿ, ಅಂಗೈಗಳನ್ನು ನೆಲಕ್ಕೂರಿ, ಕತ್ತನ್ನು ಮಾತ್ರ ಓರೆಮಾಡಿ ಕುಳಿತಿದ್ದರು. ಬೆರಳತುದಿಗಳೆಲ್ಲ ಗರಸಿನ ಕೆಂಪು ಹಿಡಿದಿದ್ದುವು. ಅಟ್ಟುತ್ತಿದ್ದ ಹುಡುಗಿ ವೇಗಶಾಲಿನಿ. ಆದರೆ ಓಡುವವಳು ಅವಳಿಗಿಂತ ಕಿರಿಯಳಾದರೂ ಪ್ರತಿ ಸಲವೂ ಇಬ್ಬರ ನಡುವೆ ನುಸುಳಿ ತಪ್ಪಿಸಿಕೊಳ್ಳುತ್ತಿದ್ದಳು. ಗೆರೆಯ ಹೊರಗೆ ನಿಂತ ಮಾಸ್ತರರು, “ತಡಿಯವ್ವ, ತಡಿ. ಆಕಿ ಕಾಲ ನೋಡು, ಮಾರಿ ನೋಡಬ್ಯಾಡ” ಎಂದರು. “ಸಿಗವಲ್ಲಳ್ರೀ ಸರ” ಎಂದಳು ಹುಡುಗಿ, ಅಳು ಬಂದ ದನಿಯಲ್ಲಿ. “ಸಿಗ್ತಾಳ. ಈಗ ಮುಟ್ಟಾಕ ಹೋಗಬ್ಯಾಡ, ಕಂಬದ ಕಡೆ ಹೊಡಕೊಂಡು ನಡಿ. ಆಕಿ ಹೊಳ್ಳತಾಳ… ತಡಿ… ಹೂಂ, ಈಗ ಕೊಡು!” ಖೋ ಎಂಬ ಕೂಗು ಬಿದ್ದಿತು, ಕಂಬದಿಂದ ಎರಡನೆಯ ಚೌಕದಲ್ಲಿ ಅಷ್ಟು ಹೊತ್ತು ಅಲುಗದೆ ಕುಳಿತಿದ್ದವಳು ನೆಲದಿಂದ ಎದ್ದದ್ದೂ, ಹೊರಳಿದವಳ ಬೆನ್ನಿಗೆ ಅಂಗೈ ತಾಗಿದ್ದೂ ಒಂದೇ ಕ್ಷಣದಲ್ಲಿ ಆಯಿತು.

ಮುಟ್ಟಿದವಳು ಎರಡು ಹೆಜ್ಜೆಯನ್ನೂ ಓಡಿರಲಿಲ್ಲ. ಓಡಿ ದಣಿದವಳು ಬೇರೆಯವಳು. ಆಟವನ್ನು ತಿಳಿಯದವನು ಕೀರ್ತಿಯನ್ನೆಲ್ಲ ಮುಟ್ಟಿದವಳಿಗೆ ಕೊಟ್ಟಾನು. ತಿಳಿದವನು, ಮುಟ್ಟುವ ಆಸೆಯನ್ನು ಅಡಗಿಸಿಕೊಂಡು ಬೇಟೆಯನ್ನು ಕಂಬದ ಇಕ್ಕಟ್ಟಿಗೆ ನೂಕಿದವಳನ್ನೂ, ಏಳುವ ಆತುರವನ್ನು ನುಂಗಿ ಕುಳಿತವಳನ್ನೂ ಮೊದಲು ನೆನೆಯುತ್ತಾನೆ. ಕುಳಿತವಳ ತಪಸ್ಸು ಸಾಮಾನ್ಯವಾದುದಲ್ಲ: ಖೋ ಬೀಳುವ ಮುನ್ನ ಎದ್ದರೆ ತಪ್ಪು, ಕೈಕಾಲು ಚಾಚಿ ಓಟಗಾರನನ್ನು ತಡೆದರೆ ತಪ್ಪು, ಬಿದ್ದ ಖೋವನ್ನು ಗಮನಿಸದೆ ಕ್ಷಣಮಾತ್ರ ಮೈಮರೆತರೆ ಆ ತನಕದ ಶ್ರಮವೆಲ್ಲ ವ್ಯರ್ಥ. ಡೈವ್ ಹೊಡೆಯುವುದಂತೂ ಕೊನೆಯ ಅಸ್ತ್ರ. ಒಂದು ಕೈಯಿಂದ ಕಂಬವನ್ನು ಹಿಡಿದು ಮೈಯನ್ನು ನೆಲಕ್ಕೆ ಸಮಾನಾಂತರವಾಗಿ ಚಾಚಿ ಮುಟ್ಟುವ ಪೋಲ್ ಡೈವ್ ನೋಡುವವರ ಕಣ್ಣಿಗೆ ಹಬ್ಬ. ಆದರೆ ತಪ್ಪಿತೆಂದರೆ ಬಿದ್ದವನು ಎದ್ದು ನಿಲ್ಲುವಷ್ಟರಲ್ಲಿ ಓಟಗಾರ ಅಂಕಣದ ಇನ್ನೊಂದು ತುದಿಯಲ್ಲಿ ಉಸಿರನ್ನು ಸುಧಾರಿಸಿಕೊಳ್ಳುತ್ತಿರುತ್ತಾನೆ. ಒಂಬತ್ತು ನಿಮಿಷದ ಸರದಿಯಲ್ಲಿ ಹೀಗೆ ಕಳೆದ ಪ್ರತಿಯೊಂದು ಕ್ಷಣವೂ ಎದುರಾಳಿಯ ಲಾಭ. ಓಡುವವರ ಒಂದೊಂದು ಮೂವರ ಗುಂಪು ಮೂರು ಮೂರು ನಿಮಿಷ ನಿಂತರೂ ಸರದಿ ಮುಗಿದುಹೋಗುತ್ತದೆ.

ಕಾಲವು ಆಟಗಳ ವೇಷವನ್ನು ಬದಲಿಸುತ್ತದೆ. ಕೆನಡಾದೇಶದ ಮಾಂಟ್ರಿಯಲ್ ನಗರದ ಬಿಹೇವಿಯರ್ ಎಂಬ ಸಂಸ್ಥೆ ರಚಿಸಿದ, 2016ರಲ್ಲಿ ಹೊರಬಂದ ‘ಡೆಡ್ ಬೈ ಡೇಲೈಟ್’ ಎಂಬ ವಿಡಿಯೋ ಆಟದಲ್ಲಿ ಬೇರೆಬೇರೆ ಊರುಗಳಲ್ಲಿ ಕುಳಿತ ಐವರು ಅಂತರಜಾಲದ ಮೂಲಕ ಕೂಡುತ್ತಾರೆ. ಒಬ್ಬನು ಬೇಟೆಗಾರ, ನಾಲ್ವರು ಓಡುವವರು. ಓಡುವವರು ಐದು ಜನರೇಟರುಗಳನ್ನು ದುರಸ್ತಿಮಾಡಿ ಬಾಗಿಲು ತೆರೆದು ಪಾರಾಗಬೇಕು. ಬೇಟೆಗಾರನು ಆತುರಪಟ್ಟು ಆಯುಧ ಬೀಸಿ ಗುರಿತಪ್ಪಿದರೆ ಕೆಲವು ಕ್ಷಣ ಅವನ ವೇಗ ಕುಂದುತ್ತದೆ, ಅಷ್ಟರಲ್ಲಿ ಬೇಟೆ ದೂರವಾಗುತ್ತದೆ. ಕಿಟಕಿಯನ್ನು ಹಾರುವ ಇಲ್ಲವೆ ಅಡ್ಡಹಲಗೆಯನ್ನು ಕೆಡವುವ ಗಳಿಗೆಗಾಗಿ ಕಾದು ಹೊಡೆದವನು ಗೆಲ್ಲುತ್ತಾನೆ. ತಪ್ಪಿದ ಡೈವಿಗೆ ಅಂಕಣದಲ್ಲಿ ನೆಲವೇ ವಿಧಿಸುವ ದಂಡವನ್ನು ಅಲ್ಲಿ ಯಂತ್ರ ವಿಧಿಸುತ್ತದೆ. ಇಂಥ ಆಟಗಳಲ್ಲಿ ಮನಸ್ಸು ತೊಡಗಿದ ಹುಡುಗರು ಏನನ್ನೂ ಕಲಿಯುವುದಿಲ್ಲವೆಂದು ಹಿರಿಯರು ಹೇಳುವುದನ್ನು ನಾನು ಒಪ್ಪಲಾರೆ. ಹೊಂಚುವುದನ್ನೂ ಕಾಯುವುದನ್ನೂ ಅವರು ನಿಜವಾಗಿಯೇ ಕಲಿಯುತ್ತಾರೆ. ಒಂದು ಭೇದ ಮಾತ್ರ ಉಳಿಯುತ್ತದೆ: ಆ ಆಟದ ಬೇಟೆಗಾರನು ಏಕಾಕಿ, ತನ್ನ ಬೇಟೆಯನ್ನು ತಾನೇ ಮುಗಿಸಬೇಕಾದವನು, ಖೋ-ಖೋದ ಬೇಟೆಗಾರನಿಗೆ ತನ್ನ ಬೇಟೆಯನ್ನು ಇನ್ನೊಬ್ಬನ ಕೈಗಿತ್ತು ಕುಳಿತುಬಿಡುವ ಔದಾರ್ಯವೂ ಬೇಕು.

ಮತ್ತೆ ಖೋ-ಖೋದ ಇತಿಹಾಸಕ್ಕೆ ಮರಳುವುದಾದರೆ, 1955ರಲ್ಲಿ ಅದಕ್ಕೆ ಅಖಿಲ ಭಾರತ ಮಟ್ಟದ ಸಂಸ್ಥೆ ಹುಟ್ಟಿತು. ಮರುವರ್ಷದ ನವೆಂಬರ್ 1ರಂದು ಬಿಜಾಪುರ ಜಿಲ್ಲೆ ಮುಂಬಯಿಯನ್ನು ಬಿಟ್ಟು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಆಡಳಿತ ಬದಲಾಯಿತು, ಪಠ್ಯಗಳು ಬದಲಾದುವು, ಆಟ ಮಾತ್ರ ಉಳಿಯಿತು. 1959–60ರಲ್ಲಿ ವಿಜಯವಾಡದಲ್ಲಿ ಪುರುಷರ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆದು, ಮರುವರ್ಷ ಕೊಲ್ಹಾಪುರದಲ್ಲಿ ಮಹಿಳೆಯರಿಗೂ ಅವಕಾಶ ದೊರೆಯಿತು; 1970ರಲ್ಲಿ ಸುಧೀರ ಪರಬರಿಗೂ 1971ರಲ್ಲಿ ಅಚಲಾ ದೇವರೆಯವರಿಗೂ ಅರ್ಜುನ ಪ್ರಶಸ್ತಿ ಬಂದಿತು. ಹಬ್ಬದ ದಿನ ಜೋಕಾಲಿಯ ಆಚೆಗೆ ಬಯಲಿನ ಆಟವೆಂಬುದೇ ಇಲ್ಲದಿದ್ದ ಹೆಣ್ಣುಮಕ್ಕಳಿಗೆ, ಊರವರ ಕಣ್ಣೆದುರಿಗೆ ಓಡುವ, ಗಟ್ಟಿದನಿಯಲ್ಲಿ ಕೂಗುವ ಅಧಿಕಾರವನ್ನು ಶಾಲೆಯ ಈ ಆಟ ಕೊಟ್ಟಿತೆಂಬುದು ಈ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಸಂಗತಿ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ವಿಶ್ವಕಪ್ಪಿನ ಅಂತಿಮ ಪಂದ್ಯಗಳಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದಲೂ ಪುರುಷರು 54–36ರಿಂದಲೂ ಸೋಲಿಸಿದಾಗ, ವಿಜೇತರಲ್ಲಿ ಎಂ. ಕೆ. ಗೌತಮ್, ತಿರುಮಕೂಡಲು ನರಸೀಪುರ ತಾಲೂಕಿನ ಕುರುಬೂರಿನ ಬಿ. ಚೈತ್ರಾ ಎಂಬ ಇಬ್ಬರು ಕನ್ನಡಿಗರಿದ್ದರು. ಕಾವೇರಿಯ ಸೀಮೆಯಲ್ಲಿ ಈ ಆಟ ಅಷ್ಟು ಎತ್ತರಕ್ಕೆ ಬೆಳೆದದ್ದು ಭೀಮೆಯ ಸೀಮೆಯವರಿಗೆ ಉತ್ಸಾಹ ತರತಕ್ಕದ್ದು.

ಇದಕ್ಕೂ ಮೊದಲು, 2022ರ ಆಗಸ್ಟಿನಲ್ಲಿ ಪುಣೆಯಲ್ಲಿ ಆರಂಭವಾದ ಅಲ್ಟಿಮೇಟ್ ಖೋ-ಖೋ ಎಂಬ ವೃತ್ತಿಪರ ಲೀಗು ಆಟವನ್ನು ಮ್ಯಾಟಿನ ಮೇಲಕ್ಕೂ ದೂರದರ್ಶನದ ಪರದೆಗೂ ತಂದು, ಡೈವಿನಿಂದ ಪಡೆದ ಔಟಿಗೆ ಹೆಚ್ಚಿನ ಅಂಕವನ್ನಿತ್ತು, ವಜೀರನೆಂಬ ಹೊಸ ಪಾತ್ರವನ್ನು ಸೃಷ್ಟಿಸಿತು. ವಜೀರನು ಅಟ್ಟುವ ಪಕ್ಷದವನಾದರೂ ದಿಕ್ಕಿನ ಬಂಧನವಿಲ್ಲದವನು. ಇಷ್ಟಬಂದ ಕಡೆಗೆ ತಿರುಗಿ ಓಡಬಲ್ಲವನು. ಆಟಕ್ಕೆ ವೇಗ ಬಂದಿತು, ಪ್ರೇಕ್ಷಕರು ಬಂದರು, ಆಟಗಾರರ ಕೈಗೆ ನಾಲ್ಕು ಕಾಸೂ ಬಂದಿತು. ಇವೆಲ್ಲ ಸಂತೋಷದ ಮಾತುಗಳೇ. ಆದರೆ ಶಾಲೆಗಳ ವಲಯ, ತಾಲೂಕು, ಜಿಲ್ಲಾ ಕ್ರೀಡಾಕೂಟಗಳೊಳಗೂ ಈ ವಜೀರನನ್ನು ಕರೆತರಬೇಕೆಂಬ ಪ್ರಸ್ತಾಪ ಎಂದಾದರೂ ಬಂದರೆ ನಾನು ಅದನ್ನು ವಿರೋಧಿಸುವವರ ಪಕ್ಷದಲ್ಲಿ ನಿಲ್ಲುವೆನು. ತಿರುಗಿ ಓಡಬಲ್ಲ ಒಬ್ಬ ಸಂಗಾತಿ ಇದ್ದಾನೆಂದು ತಿಳಿದ ಹುಡುಗಿಗೆ, ಓಡುವವಳ ಕಾಲನ್ನು ನೋಡುತ್ತ ಕಾಯುವ ಅಗತ್ಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಆ ವಯಸ್ಸಿನಲ್ಲಿ ಅದನ್ನು ಕಲಿಯದವಳು ಮುಂದೆ ಮ್ಯಾಟಿನ ಮೇಲೆ ವಜೀರಳಾಗಿ ನಿಂತರೂ, ಎತ್ತ ತಿರುಗಬೇಕೆಂಬುದನ್ನು ಅರಿಯದೆ ಬರಿದೆ ಓಡಿಯಾಳು.